ಮಧ್ಯಾಹ್ನ ಎರಡಕ್ಕೆ ಬ್ಯಾಡಗಿಯಲ್ಲಿ ಯಾರೂ ಇಲ್ಲವಂತೆ

ಮಾನ್ಯರೇ,

ಬಾನುಲಿ ಕೇಂದ್ರದ ಕೇಳುಗರ ಸಮೀಕ್ಷೆಯ ಹೊಣೆ ಹೊತ್ತು, ಯಾವ ಹೊತ್ತಿಗೆ ಯಾರ ಕಿವಿ ತೆರೆದಿರುತ್ತದೆಂಬುದನ್ನು ಕಂಡುಹಿಡಿದ ತಮಗೆ, ಬ್ಯಾಡಗಿಯ ಗೋದಾಮೊಂದರಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸರೆಲ್ಲರ ಪರವಾಗಿ ನೀಲಾ ಮಾಡುವ ಸೀನುಸಹಿತ ನಮಸ್ಕಾರಗಳು. ಸೀನು ಅಗೌರವದ್ದಲ್ಲ, ಘಾಟಿನದು.

ಕಳೆದ ತಿಂಗಳು ತಮ್ಮ ಸಿಬ್ಬಂದಿ ಉರಿಬಿಸಿಲಿನಲ್ಲಿ ನಮ್ಮ ಓಣಿಗೆ ಬಂದು ಮನೆಮನೆಯ ಬಾಗಿಲು ಬಡಿದರಂತೆ. ಎಲ್ಲ ಬಾಗಿಲಿಗೂ ಕೀಲಿ ಬಿದ್ದಿತ್ತು. ಮನೆಯಲ್ಲಿದ್ದವನು ಕೊಟ್ರಪ್ಪಜ್ಜ ಒಬ್ಬನೇ; ಆತನಿಗೆ ಕಿವಿ ಮಂದ, ರೇಡಿಯೊ ಕೇಳುತ್ತೀರಾ ಎಂದದ್ದಕ್ಕೆ ಒಳಗಿನಿಂದ ನೀರು ತಂದುಕೊಟ್ಟನಂತೆ. ಆ ನೀರು ಕುಡಿದ ಬಲದಿಂದಲೇ ತಾವು ಬ್ಯಾಡಗಿಯಲ್ಲಿ ಮಧ್ಯಾಹ್ನದ ಕೇಳುಗರು ಸೊನ್ನೆ ಎಂದು ತೀರ್ಮಾನಿಸಿ, ಎರಡು ಗಂಟೆಯ ಹಾಡಿನ ಕಾರ್ಯಕ್ರಮವನ್ನು 'ಎಲ್ಲರೂ ಮನೆಯಲ್ಲಿರುವ' ಸಂಜೆ ಏಳಕ್ಕೆ ಒಯ್ದಿರಿ. ತಮ್ಮವರು ಬಾಗಿಲು ಬಡಿಯುತ್ತಿದ್ದ ಹೊತ್ತಿಗೆ ಮನೆಗೆ ಕೀಲಿ ಹಾಕಿ ಬಂದವರೆಲ್ಲ ಗೋದಾಮಿನ ಕಂಬಕ್ಕೆ ಕಟ್ಟಿದ ಒಂದೇ ರೇಡಿಯೊದ ಸುತ್ತ ಕೂತಿದ್ದೆವು. ಒಂದು ರೇಡಿಯೊಗೆ ಒಂದೇ ಸಂಸಾರ ಎಂಬುದು ತಮ್ಮ ನಿಯಮವಾದರೆ ನಾವೆಲ್ಲ ಸವತಿಯರಾಗಬೇಕಾದೀತು. ಲೆಕ್ಕಕ್ಕೆ ಬರುವುದಾದರೆ ಅದಕ್ಕೂ ತಯಾರಿದ್ದೇವೆ.

ಇಷ್ಟಕ್ಕೇ ನಾವು ತಮಗೆ ತೊಂದರೆ ಕೊಡುತ್ತಿರಲಿಲ್ಲ. ನಮ್ಮ ಜೊತೆ ಕೆಲಸ ಮಾಡುವ ಕದರಮಂಡಲಗಿಯ ರಹಿಮತಬಿ ಕೈ ಕೆಲಸದಲ್ಲಿರುವಾಗೆಲ್ಲ ಹಾಡುವವಳು. ಅದನ್ನು ಕೇಳಿ ತಮ್ಮ ಕೇಂದ್ರದವರೇ ಬಂದು ಆಕೆಯ ಹಾಡು ಧ್ವನಿಮುದ್ರಿಸಿಕೊಂಡು, ಬರುವ ಬುಧವಾರ ಎರಡಕ್ಕೆ ಕೇಳಿರೆಂದು ಹೇಳಿ ಹೋದರು. ಆ ಬುಧವಾರದ ಮರುದಿನವೇ ಆಕೆಗೆ ಹಾವೇರಿಯಲ್ಲಿ ಗಂಟಲಿನ ಆಪರೇಷನ್ ಇತ್ತು. ಆಮೇಲೆ ದನಿ ಮೊದಲಿನಂತೆ ಬಂದೀತೆಂಬ ಭರವಸೆಯನ್ನು ವೈದ್ಯರು ಕೊಟ್ಟಿರಲಿಲ್ಲ. ಹೋಗುವ ಮೊದಲು ತನ್ನ ದನಿ ಹೊರಗಿನಿಂದ ಹೇಗೆ ಕೇಳಿಸುತ್ತದೆಂದು ಒಮ್ಮೆ ತಿಳಿಯಬೇಕು ಎಂಬುದಷ್ಟೇ ಆಕೆಯ ಆಸೆ.

ಬುಧವಾರ ಎರಡಕ್ಕೆ ಎಲ್ಲರೂ ಕೈ ತೊಳೆದು, ಆಕೆಯನ್ನು ಕಂಬದ ಬುಡದಲ್ಲೇ ಕೂಡಿಸಿ ಕಾದೆವು. ಬಂದದ್ದು ಈಜುಕೊಳದ ನೀರನ್ನು ಶುದ್ಧವಾಗಿಡುವ ಬಗೆಗೊಂದು ಭಾಷಣ. ಯಾರೂ ಇಲ್ಲದ ಹೊತ್ತಿಗೆ ಯಾರಿಗೂ ಬೇಡದ ವಿಷಯವನ್ನು ಹೊಂದಿಸಿದ ತಮ್ಮ ಜಾಣ್ಮೆ ದೊಡ್ಡದು. ಕೊನೆಯಲ್ಲಿ ಹಾಡು ಸಂಜೆ ಏಳಕ್ಕೆ ಎಂಬ ಪ್ರಕಟಣೆ ಬಂತು. ರಹಿಮತಬಿ ಮತ್ತೆ ಕಾಯಿ ರಾಶಿಗೆ ಕೈ ಹಾಕಿದಳು.

ಸಂಜೆ ಏಳಕ್ಕೆ ನಾವು ಓಣಿಯವರೆಲ್ಲ ಮನೆಯಲ್ಲಿದ್ದದ್ದು ಖರೆ. ನನ್ನ ಅತ್ತೆಯ ಟಿವಿಯಲ್ಲಿ ದಸರೆಯಿಂದ ವಿಷ ಬೆರೆಸುತ್ತಲೇ ಇರುವ ಸೊಸೆ ಅಂದೂ ಬೆರೆಸುತ್ತಿದ್ದಳು. ಪಕ್ಕದ ಮನೆಯ ಪ್ರೇಮವ್ವನ ಗಂಡ ಸುದ್ದಿವಾಹಿನಿಯ ಜಗಳಕ್ಕೆ ತಾನೂ ದನಿಗೂಡಿಸಿದ್ದ. ರೇಡಿಯೊ ಹಚ್ಚಿದ ಮೊಬೈಲನ್ನು ಕಿವಿಗೊತ್ತಿಕೊಂಡು ಹಿತ್ತಿಲಿಗೆ ಹೋದರೂ ನನಗೆ ಕೇಳಿಸಿದ್ದು ವಿಷದ ಹಿನ್ನೆಲೆ ಸಂಗೀತವೇ.

ಹಾಡನ್ನು ಕೇಳಿದ್ದು ರಹಿಮತಬಿ ಊರಿಗೆ ಹೊರಟಿದ್ದ ಟೆಂಪೊ. ಆಕೆಯ ಜೊತೆಗಿದ್ದ ನಮ್ಮ ಗೋದಾಮಿನ ಗದಿಗೆವ್ವ ಕೇಳಿಕೊಂಡದ್ದಕ್ಕೆ ಚಾಲಕ ತಿರಕಪ್ಪ ರೇಡಿಯೊ ಹಚ್ಚಿದನಂತೆ. ಕದರಮಂಡಲಗಿ ಬಂದರೂ ಹಾಡು ಮುಗಿದಿರಲಿಲ್ಲ. ಆತ ಎಂಜಿನ್ ಆರಿಸಿ ಕೂತ, ಇಳಿಯುವವರು ಯಾರೂ ಇಳಿಯಲಿಲ್ಲ. ಮುಗಿದ ಮೇಲೆ ರಹಿಮತಬಿ ಮೆಲ್ಲಗೆ, "ಇದು ನಂದ ದನಿ ಏನವಾ? ಇಷ್ಟ ಚಂದ ಐತಂತ ಯಾರೂ ಹೇಳಿರಲಿಲ್ಲ" ಎಂದಳಂತೆ.

"ದಿನಾ ಕೇಳತಿದ್ವಿ, ಹೇಳೂದ ಮರತೇವಿ" ಎಂದಳಂತೆ ಗದಿಗೆವ್ವ.

ಈಗ ಆಕೆ ಮರಳಿ ಕೆಲಸಕ್ಕೆ ಬಂದಿದ್ದಾಳೆ. ಮಾತು ಪಿಸುಗುಟ್ಟಿದಷ್ಟೇ ಬರುತ್ತದೆ, ಹಾಡು ಬರುವುದಿಲ್ಲ. ಆದ್ದರಿಂದ ತಾವು ದಯಮಾಡಿ ಬ್ಯಾಡಗಿ ತಾಲೂಕಿನ ಮಟ್ಟಿಗೆ ಸಂಜೆ ಏಳನ್ನು ಮಧ್ಯಾಹ್ನ ಎರಡಕ್ಕೆ ವರ್ಗಾಯಿಸಬೇಕು, ಇಲ್ಲವೇ ಸಕಲ ಗಂಡಂದಿರ, ಅತ್ತೆಯಂದಿರ ರಿಮೋಟುಗಳನ್ನು ಸರ್ಕಾರಕ್ಕೆ ಜಪ್ತಿ ಮಾಡಿಸಬೇಕು. ಎರಡೂ ಕಷ್ಟವೆನಿಸಿದರೆ ಆ ಹಾಡನ್ನು ಒಂದೇ ಒಂದು ಸಲ ಎರಡು ಗಂಟೆಗೆ ಹಾಕಿರಿ. ದಿನಾ ಕೇಳಿಯೂ ಹೇಳದೆ ಉಳಿದವರು ಆಕೆಯ ಎದುರಿಗೇ ಕೂತು ಹೇಳುವುದಿದೆ.

ಲೆಕ್ಕಕ್ಕೆ ಸಿಗದಿದ್ದರೂ ತಮ್ಮ ವಿಶ್ವಾಸಿ,
ನೀಲಾ

ಮರೆತ ಮಾತು: ಇದೇ ವಿಷಯವಾಗಿ ಬರೆದ ಹಿಂದಿನ ಪತ್ರಗಳಿಗೆ ಉತ್ತರ ಬಂದಿಲ್ಲ. ನಮ್ಮ ಸಮೀಕ್ಷೆಯ ಪ್ರಕಾರ ತಮ್ಮ ಕಚೇರಿಯಲ್ಲಿ ಬೆಳಿಗ್ಗೆ ಓದುಗರು ಇನ್ನೂ ಬಂದಿರುವುದಿಲ್ಲ, ಮಧ್ಯಾಹ್ನ ಊಟಕ್ಕೆ ಹೋಗಿರುತ್ತಾರೆ, ಸಂಜೆ ಹೊರಟುಬಿಟ್ಟಿರುತ್ತಾರೆ. ಆದಕಾರಣ ಈ ಪತ್ರವನ್ನು ಬಹಿರಂಗಗೊಳಿಸಿದ್ದೇವೆ.