ಗುನುಗಲಾರದ ಸಂಗೀತ

ಮೌಖಿಕ ಪರೀಕ್ಷೆಯ ದಿನ ಬೆಳಿಗ್ಗೆ ಡಾಕ್ಟ್ರು ಕನ್ನಡಿಯ ಮುಂದೆ ನಿಂತು ಟೈ ಕಟ್ಟಿಕೊಳ್ಳುತ್ತಿದ್ದಾಗ ಮೇಲ್ಮನೆಯಿಂದ ಒಂದು ಹಾಡಿನ ಸಾಲು ತೇಲಿ ಬಂತು. ಗಂಟು ಅರ್ಧಕ್ಕೇ ನಿಂತಿತು.

ಡಾಕ್ಟ್ರು ಇನ್ನೂ ಡಾಕ್ಟರ್ ಆಗಿರಲಿಲ್ಲ. ಸಂಗೀತಶಾಸ್ತ್ರ ಮತ್ತು ಸಂಯೋಜನೆಯಲ್ಲಿ ಡಾಕ್ಟರೇಟ್ ಮಾಡಲು ಹೆಸರು ನೋಂದಾಯಿಸಿದ ವಾರವೇ ಕಟ್ಟಡದವರು ಆ ಬಿರುದನ್ನು ಮುಂಗಡವಾಗಿ ದಯಪಾಲಿಸಿಬಿಟ್ಟಿದ್ದರು. ಅದಾಗಿ ಎಷ್ಟೋ ವರ್ಷ ಕಳೆದಿದೆ. ಕೆಮ್ಮು, ಮಂಡಿನೋವು ಎಂದು ಬಾಗಿಲು ತಟ್ಟುವವರಿಗೆ ತಾನು ಆ ಡಾಕ್ಟರಲ್ಲ ಎಂದು ಹೇಳಿ ಹೇಳಿ ಸುಸ್ತಾಗಿ, ಈಗೀಗ ಡಾಕ್ಟ್ರೇ "ಬಿಸಿನೀರು ಕುಡೀರಿ" ಎಂದು ಹೇಳಿ ಸಾಗಹಾಕುತ್ತಿದ್ದರು.

ಅವರ ಸಿದ್ಧಾಂತ ಲೋಕದಲ್ಲಿ ಯಾರೂ ಮುಟ್ಟದಂಥದ್ದು. ಸ್ವರಗಳನ್ನು ಸರಿಯಾಗಿ ಲೆಕ್ಕ ಹಾಕಿ ಜೋಡಿಸಿದರೆ, ಎಷ್ಟು ಸಲ ಕೇಳಿದರೂ ಯಾರ ನೆನಪಿನಲ್ಲೂ ಉಳಿಯದ, ಯಾರಿಂದಲೂ ಗುನುಗಲಾಗದ ಕೃತಿಯೊಂದನ್ನು ಕಟ್ಟಬಹುದು ಎಂಬುದು ಅದರ ಸಾರ. ಸಾಬೀತಿಗೆಂದು ಅಂಥ ಕೃತಿಯೊಂದನ್ನು ಕಟ್ಟಿಯೂ ಇದ್ದರು. ಮೊದಲು ಸ್ವರಗಳನ್ನೆಲ್ಲ ಒಂದೇ ಸಾಲಾಗಿ ಕೀಬೋರ್ಡಿನಲ್ಲಿ ನುಡಿಸಿ ನೋಡುವುದು. ಆಮೇಲೆ ಆ ಸಾಲನ್ನು ಚೂರು ಚೂರು ಮಾಡಿ ಒಂದು ಚೂರನ್ನು ಪಿಟೀಲಿಗೆ, ಒಂದನ್ನು ಕೊಳಲಿಗೆ ಕೊಟ್ಟು, ನಡುವೆ ಉದ್ದುದ್ದ ಮೌನ ತುಂಬುವುದು. ಅರ್ಧ ನಿಮಿಷದ ಸಾಲು ಹೀಗೆ ಮುಕ್ಕಾಲು ಗಂಟೆಯ ಮಹಾಕೃತಿಯಾಗಿತ್ತು.

ಈಗ ಮೇಲ್ಮನೆ ಅಜ್ಜಿ ಬಟ್ಟೆ ಒಣಹಾಕುತ್ತ ಗುನುಗುತ್ತಿದ್ದದ್ದು ಅದೇ ಸಾಲು. ಒಂದು ಸ್ವರವೂ ತಪ್ಪಿರಲಿಲ್ಲ. ಮೇಲಾಗಿ ಎಲ್ಲಿಯೂ ಇಲ್ಲದ ತಾಳವೊಂದನ್ನು ಸೇರಿಸಿ, ಬಕೆಟ್ಟಿನ ಮೇಲೆ ಬಡಿದು ಬಡಿದು ಕುಣಿಸುತ್ತಿದ್ದರು.

"ಇದು... ಇದು ಅಜ್ಜಿಗೆ ಹೇಗೆ ಗೊತ್ತು?" ಡಾಕ್ಟ್ರು ಹೆಂಡತಿಯತ್ತ ತಿರುಗಿದರು.

"ಹೇಗೆ ಅಂದ್ರೆ?" ಆಸ್ಪತ್ರೆಯ ಲ್ಯಾಬಿಗೆ ಹೊರಡುವ ಆತುರವನ್ನು ಇವತ್ತೊಂದು ದಿನ ರಜೆ ಹಾಕಿ ಪಕ್ಕಕ್ಕಿಟ್ಟಿದ್ದ ಹೆಂಡತಿ ಹೇಳಿದಳು. "ಇಷ್ಟು ವರ್ಷ ಬೆಳಗಾದ್ರೆ ಅದನ್ನೇ ನುಡಿಸಿದ್ದೀರಿ. ಈ ಗೋಡೆಗಳು ರಟ್ಟಿನಂಥವು. ಟೈಲರ್ ಗುನುಗ್ತಾನೆ, ವಾಚ್‌ಮನ್ ಸಿಳ್ಳೆ ಹಾಕ್ತಾನೆ. ಕಿವಿ ಅನ್ನೋದು ನಿಮಗೆ ಕೀಬೋರ್ಡ್ ಮುಂದೆ ಮಾತ್ರ ಇರೋದಾ?"

ಡಾಕ್ಟ್ರು ಗಡಿಯಾರ ನೋಡಿದರು. ಹೊರಗಿನ ಪರೀಕ್ಷಕರು ಇನ್ನೇನು ಊರಿಗೆ ಬಂದಿಳಿಯುವ ಹೊತ್ತು. ಬೀದಿಯ ಕೊನೆಯಲ್ಲೇ ಕಾಲೇಜು. ಅವರ ಕಿವಿಗೆ ಒಬ್ಬನ ಗುನುಗು ಬಿದ್ದರೂ ಸಿದ್ಧಾಂತ ಮುಗಿಯಿತು.

"ನೋಡಿ, ನಾನು ಬೈಯಲ್ಲ, ಅಳಲ್ಲ," ಹೆಂಡತಿ ಟೈ ಗಂಟನ್ನು ತಾನೇ ಬಿಗಿದಳು. "ನಿಮ್ಮ ನೋಂದಣಿ ಅವಧಿ ಇವತ್ತಿಗೆ ಕೊನೆ. ಪಾಸಾದ್ರೆ ಕಾಲೇಜಿನಲ್ಲಿ ಕಾಯಂ ಕೆಲಸ. ಆಗಲಿಲ್ಲ ಅಂದ್ರೆ ಕೀಬೋರ್ಡು ಅಟ್ಟಕ್ಕೆ, ನೀವು ನನ್ನ ತಮ್ಮನ ಅಂಗಡಿಗೆ. ಅವನೂ ಪಾಪ ಎಷ್ಟು ದಿನದಿಂದ ಕರೀತಿದ್ದಾನೆ."

ತಮ್ಮನದು ನಲ್ಲಿ, ಸಿಂಕು, ಕಮೋಡುಗಳ ಅಂಗಡಿ. ಸಾಲಾಗಿ ಜೋಡಿಸಿಟ್ಟ ಕಮೋಡುಗಳ ನಡುವೆ ಸ್ಟೂಲಿನ ಮೇಲೆ ಕೂತ ತಮ್ಮದೇ ರೂಪ ಕಣ್ಣಮುಂದೆ ಬಂದದ್ದೇ ತಡ, ಡಾಕ್ಟ್ರು ಮೆಟ್ಟಿಲು ಹತ್ತಿ ಓಡಿದರು.

"ಅಜ್ಜಿ, ನಿಮ್ಮ ಕಾಲಿಗೆ ಬೀಳ್ತೀನಿ, ಇವತ್ತೊಂದಿನ ಆ ಹಾಡು ಹಾಡ್ಬೇಡಿ."

"ಯಾವ ಹಾಡು ಮಗಾ?"

"ಈಗ ಗುನುಗ್ತಿದ್ರಲ್ಲ, ಅದು."

"ನಾನೆಲ್ಲಿ ಗುನುಗಿದೆ? ಯಾವುದು ಅಂತ ಸ್ವಲ್ಪ ಹೇಳು, ಗೊತ್ತಾಗತ್ತೆ."

ಬೇರೆ ದಾರಿಯಿಲ್ಲದೆ ಡಾಕ್ಟ್ರು ಅತ್ತಿತ್ತ ನೋಡಿ, ಸಣ್ಣ ದನಿಯಲ್ಲಿ ತಾವೇ ಗುನುಗಿ ತೋರಿಸಿದರು. ತಮ್ಮ ಸಿದ್ಧಾಂತದ ಪ್ರಕಾರ ಅದು ಅವರಿಗೂ ಬರಬಾರದಿತ್ತು.

"ಓ ಇದಾ!" ಎಂದು ಅಜ್ಜಿ ಬಕೆಟ್ ಬಡಿದು ಪೂರ್ತಿ ಸಾಲು ಹಾಡಿ ಮುಗಿಸಿ, "ಸರಿ ಬಿಡು, ಹಾಡಲ್ಲ. ನಿನಗ್ಯಾಕೆ ಚಿಂತೆ? ಕಟ್ಟಡಕ್ಕೆಲ್ಲ ನಾನೇ ಹೇಳ್ತೀನಿ," ಎಂದು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಹೊರಟೇಬಿಟ್ಟರು. ಬೇಡ ಬೇಡ ಎಂದು ಡಾಕ್ಟ್ರು ಹಿಂದೆ ಓಡಿದರು. ಉಪಕಾರಕ್ಕೆ ಹೊರಟ ಅಜ್ಜಿಯನ್ನು ತಡೆಯುವ ಶಕ್ತಿ ಆ ಕಟ್ಟಡದಲ್ಲಿ ಯಾರಿಗೂ ಇರಲಿಲ್ಲ.

ಅಜ್ಜಿ ಒಂದೊಂದೇ ಬಾಗಿಲು ತಟ್ಟಿದರು. "ಇವತ್ತು ನಮ್ಮ ಡಾಕ್ಟ್ರ ಹಾಡು ಯಾರೂ ಹಾಡ್ಬಾರ್ದಂತೆ!" ಬಾಗಿಲು ತೆರೆದವರು "ಯಾವ ಹಾಡು?" ಎನ್ನುವರು. ಅಜ್ಜಿ ಹಾಡಿ ತೋರಿಸುವರು. ಅವರು "ಇದಾ?" ಎಂದು ತಾವೂ ಹಾಡಿ ಖಚಿತ ಮಾಡಿಕೊಳ್ಳುವರು. ಅದುವರೆಗೆ ಆ ಹಾಡಿನ ಗಂಧಗಾಳಿಯೂ ಇಲ್ಲದಿದ್ದ, ಹೋದ ತಿಂಗಳಷ್ಟೇ ಬಾಡಿಗೆಗೆ ಬಂದ ದಂಪತಿಗೂ ಅದು ಬಾಯಿಪಾಠವಾಯಿತು. ಸ್ವಲ್ಪ ಹೊತ್ತಿಗೆ ಮೆಟ್ಟಿಲ ಮೇಲೆ ಜನ ನಿಂತು "ಹಾಗಲ್ಲ, ಕೊನೇಲಿ ಹೀಗೆ ತಿರುಗತ್ತೆ" ಎಂದು ಒಬ್ಬರನ್ನೊಬ್ಬರು ತಿದ್ದುತ್ತಿದ್ದರು. ಇಡೀ ಕಟ್ಟಡ ಕೆದಕಿದ ಜೇನುಗೂಡಿನಂತೆ ಗುಂಯ್‌ಗುಟ್ಟಿತು.

"ಸಾಕು!" ಡಾಕ್ಟ್ರು ಮೆಟ್ಟಿಲ ಕಂಬಿ ಹಿಡಿದು ಕೂಗಿದರು. "ನನ್ನ ಬದುಕಿನ ಪ್ರಶ್ನೆ ಇದು. ಈ ಹಾಡು ಯಾರಿಗೂ ಗೊತ್ತಿಲ್ಲ. ಯಾರೂ ಕೇಳಿಲ್ಲ. ಯಾರೇ ಕೇಳಲಿ, ಹೇಗೇ ಕೇಳಲಿ, ಗೊತ್ತಿಲ್ಲ ಅನ್ನಬೇಕು. ನನ್ನ ಮೇಲಾಣೆ!"

ಎಲ್ಲರೂ ಗಂಭೀರರಾದರು. ವಾಚ್‌ಮನ್ ಸೆಟೆದು ನಿಂತು ಸಲ್ಯೂಟ್ ಹೊಡೆದ. "ಪ್ರಾಣ ಹೋದ್ರೂ ಬಾಯಿ ಬಿಡಲ್ಲ ಡಾಕ್ಟ್ರೇ."

ಅಜ್ಜಿಗೆ ಕಣ್ಣು ತುಂಬಿ ಬಂತು. ಹೆಂಡತಿಯೂ ನಿಟ್ಟುಸಿರುಬಿಟ್ಟು "ಆಯ್ತು, ನಾನೂ ಹೇಳಲ್ಲ" ಎಂದಳು. ಡಾಕ್ಟ್ರಿಗೆ ತುಸು ಸಮಾಧಾನವಾಯಿತು. ಇನ್ನು ಉಳಿದದ್ದು ಕೆಳಗಡೆಯ ಟೈಲರ್ ಒಬ್ಬನೇ.

ಟೈಲರ್ ಅಂಗಡಿ ಹೊಕ್ಕವರೇ ಡಾಕ್ಟ್ರು, ಹೊಲಿಯುತ್ತ ಅದೇ ಹಾಡು ಗುನುಗುತ್ತಿದ್ದ ಅವನ ಕಿವಿಯಲ್ಲಿ ಬಾಯಿಟ್ಟು ಪಿಸುಗುಟ್ಟಿದರು. ಟೈಲರ್ ಎಲ್ಲ ಕೇಳಿ, ಎರಡು ಗುಂಡುಸೂಜಿಯನ್ನು ತುಟಿಗಳ ನಡುವೆ ಕಚ್ಚಿಕೊಂಡು, ಇನ್ನು ಈ ಬಾಯಿ ತೆರೆಯುವುದಿಲ್ಲವೆಂಬಂತೆ ತಲೆಯಾಡಿಸಿದ.

"ಯಾಕಪ್ಪಾ ನಿಲ್ಲಿಸಿಬಿಟ್ಟೆ? ಹಾಡು, ಹಾಡು. ಚೆನ್ನಾಗಿತ್ತು," ಎಂದಿತು ಮೂಲೆಯಿಂದೊಂದು ದನಿ.

ಮೂಲೆಯ ಕುರ್ಚಿಯಲ್ಲಿ ಹಿರಿಯರೊಬ್ಬರು ಕೋಟು ಬಿಚ್ಚಿಕೊಟ್ಟು ಗುಂಡಿ ಹೊಲಿಸಿಕೊಳ್ಳಲು ಕಾಯುತ್ತಿದ್ದರು. ತೊಡೆಯ ಮೇಲೆ ದಪ್ಪನೆಯದೊಂದು ಪ್ರಬಂಧ. ಅದರ ರಟ್ಟಿನ ಮೇಲೆ ಡಾಕ್ಟ್ರ ಹೆಸರು!

"ನಿಮ್ಮ ಪರೀಕ್ಷಕರು ಡಾಕ್ಟ್ರೇ," ಟೈಲರ್ ಸೂಜಿಗಳ ನಡುವಿನಿಂದಲೇ ಹೆಮ್ಮೆಯಿಂದ ಹೇಳಿದ. "ಕಾಲೇಜಿಗೆ ದಾರಿ ಕೇಳಿದ್ರು. ಕೋಟಿನ ಗುಂಡಿ ನೇತಾಡ್ತಿತ್ತು. ನಮ್ಮ ಡಾಕ್ಟ್ರ ಪರೀಕ್ಷಕರು ಹಾಗೆ ಹೋಗೋದಾ ಅಂತ ನಾನೇ ಕೂರಿಸಿದೆ."

ಪರೀಕ್ಷಕರು ಡಾಕ್ಟ್ರ ಕೈ ಕುಲುಕಿದರು. "ಎಂಥ ಬೀದಿರೀ ನಿಮ್ಮದು! ಈ ಮಹಡಿ ಮೇಲಿಂದ ಅದೇ ಹಾಡು, ಇಲ್ಲಿ ಇವನ ಬಾಯಲ್ಲೂ ಅದೇ ಹಾಡು. ಏನಪ್ಪಾ ಅದು?"

"ಯಾವ ಹಾಡು ಸಾರ್? ನಾನು ಹಾಡೇ ಇಲ್ಲ," ಎಂದ ಟೈಲರ್.

ಪರೀಕ್ಷಕರು ತಮ್ಮ ಕಿವಿಯನ್ನೊಮ್ಮೆ ಉಜ್ಜಿಕೊಂಡರು. ಡಾಕ್ಟ್ರು ಬೆವರುತ್ತ, ಹಲ್ಲು ಕಿರಿಯುತ್ತ, ಗುಂಡಿ ಹೊಲಿದಾಗುತ್ತಲೇ ಅವರನ್ನು ಎಳೆದುಕೊಂಡೇ ಕಾಲೇಜಿಗೆ ನಡೆದರು.

ಮೌಖಿಕ ಪರೀಕ್ಷೆ ಬಹಿರಂಗವಾದದ್ದು, ಯಾರು ಬೇಕಾದರೂ ಬಂದು ಕೂರಬಹುದು. ಸಾಮಾನ್ಯವಾಗಿ ಯಾರೂ ಬರುವುದಿಲ್ಲ. ಇವತ್ತು ಕಟ್ಟಡಕ್ಕೆ ಕಟ್ಟಡವೇ ಬಂದು ಕೂತಿತ್ತು. ಅವರನ್ನು ಕಂಡು ಡಾಕ್ಟ್ರ ಗೈಡ್ ಮೇಡಂ "ಇಷ್ಟೊಂದು ಸಂಗೀತಾಸಕ್ತರು!" ಎಂದು ಬೆರಗಾದರು.

ಕೃತಿಯ ಧ್ವನಿಮುದ್ರಣ ಮೊಳಗಿತು. ಕೊಳಲು ಒಮ್ಮೆ ಕುಂಯ್ ಎಂದಿತು. ಬಹಳ ಹೊತ್ತು ಏನೂ ಇಲ್ಲ. ಪಿಟೀಲು ಒಮ್ಮೆ ಕೀಚ್ ಎಂದಿತು. ಮತ್ತೆ ಏನೂ ಇಲ್ಲ. ವಾಚ್‌ಮನ್ ನಿಂತಲ್ಲೇ ತೂಕಡಿಸಿದ. ಮುಕ್ಕಾಲು ಗಂಟೆಯ ಮೇಲೆ ಅದು ಮುಗಿದದ್ದು ಯಾರಿಗೂ ತಿಳಿಯಲಿಲ್ಲ. ಡಾಕ್ಟ್ರೇ ಎದ್ದು ನಿಂತು ಹೇಳಬೇಕಾಯಿತು.

ಪರೀಕ್ಷಕರು ಸಭೆಯ ಕಡೆ ತಿರುಗಿದರು. "ಈಗ ಕೇಳಿದ್ದರಲ್ಲಿ ಒಂದೇ ಒಂದು ಸಾಲು ಯಾರಾದ್ರೂ ಗುನುಗ್ತೀರಾ?"

ಅಜ್ಜಿ ಕರವಸ್ತ್ರದಿಂದ ಬಾಯಿ ಒತ್ತಿ ಹಿಡಿದಿದ್ದರು. ಟೈಲರ್ ಸೂಜಿ ಕಚ್ಚಿಕೊಂಡಿದ್ದ. ಯಾರೂ ತುಟಿ ಪಿಟಕ್ಕೆನ್ನಲಿಲ್ಲ.

"ಭೇಷ್!" ಪರೀಕ್ಷಕರು ಮೇಜು ಕುಟ್ಟಿದರು. "ಸಿದ್ಧಾಂತ ನೂರಕ್ಕೆ ನೂರು ನಿಜ!"

ಡಾಕ್ಟ್ರಿಗೆ ಆ ಹೊತ್ತು ಆದಷ್ಟು ಸಂತೋಷ ಮದುವೆಯ ದಿನವೂ ಆಗಿರಲಿಲ್ಲ. ಹೆಂಡತಿ ಕೂತಲ್ಲಿಂದಲೇ ನಕ್ಕಳು.

"ಒಂದೇ ತೊಡಕು," ಪರೀಕ್ಷಕರು ಪೆನ್ನಿನಿಂದ ತಲೆ ಕೆರೆದುಕೊಂಡರು. "ಪ್ರಬಂಧ ಸರಿ. ಕೃತಿ ಬಗ್ಗೆನೂ ಅಭಿಪ್ರಾಯ ಬರೀಬೇಕು. ಪೆನ್ನು ತೆಗೆದೆ. ನನಗೇ ಏನೂ ನೆನಪಾಗ್ತಿಲ್ಲ."

"ಇನ್ನೊಂದು ಸಲ ಹಾಕಲಾ ಸರ್?"

"ಬೇಡ!" ಎಂದು ಇಡೀ ಸಭೆ ಒಟ್ಟಿಗೆ ಕೂಗಿತು. ಎಲ್ಲರಿಗಿಂತ ಜೋರಾಗಿ ಕೂಗಿದ್ದು ಗೈಡ್ ಮೇಡಂ.

"ಮರೆತುಹೋಗೋ ಸಂಗೀತ ಮಾಡೋಕೆ ಡಾಕ್ಟರೇಟ್ ಯಾಕ್ರೀ? ಅದನ್ನ ಎಲ್ಲರೂ ಮಾಡ್ತಾರೆ. ಬೆಳಿಗ್ಗೆ ನಿಮ್ಮ ಬೀದೀಲಿ ಕೇಳಿದೆನಲ್ಲ, ಅದು ಸಂಯೋಜನೆ ಅಂದ್ರೆ!" ಎಂದವರೇ ಪರೀಕ್ಷಕರು ಕಣ್ಣು ಮುಚ್ಚಿ, ಮೇಜಿನ ಮೇಲೆ ತಾಳ ಹಾಕುತ್ತ ಆ ಸಾಲನ್ನು ಪೂರ್ತಿ ಹಾಡಿದರು. "ತಲೆಯಿಂದ ಹೋಗ್ತಾನೇ ಇಲ್ಲ! ಇದನ್ನ ಕಟ್ಟಿದವನು ಸಿಕ್ಕಿದ್ರೆ ಕರ್ಕೊಂಡು ಬಂದು ಡಾಕ್ಟರೇಟ್ ಕೊಡಿಸ್ತಿದ್ದೆ."

"ಅದು ನಂದೇ ಸರ್!" ಡಾಕ್ಟ್ರು ಚಂಗನೆ ಹಾರಿದರು. ಗೈಡ್ ಮೇಡಂ ಮೇಜಿನ ಕೆಳಗೆ ಅವರ ಕಾಲು ತುಳಿದದ್ದು ವ್ಯರ್ಥವಾಯಿತು.

"ಅಂದ್ರೆ ನಿಮ್ಮ ಸಂಗೀತ ಜನರ ನೆನಪಲ್ಲಿ ಉಳಿಯತ್ತೆ? ಹಾಗಾದ್ರೆ ಪ್ರಬಂಧ?"

"ಸುಳ್ಳು ಸರ್! ಅಪ್ಪಟ ಸುಳ್ಳು! ಹರಿದು ಹಾಕಿ ಬೇಕಾದ್ರೆ. ಆ ಸ್ವರಗಳೆಲ್ಲ ಈ ಕೃತಿಯೊಳಗೇ ಇವೆ, ನೋಡಿ, ಇಲ್ಲೊಂದು, ಹತ್ತು ಪುಟ ಆದ್ಮೇಲೆ ಇಲ್ಲೊಂದು..."

"ಹೀಗೆ ಹೆಕ್ಕುತ್ತಾ ಹೋದ್ರೆ ಲೋಕದ ಯಾವ ಹಾಡಾದ್ರೂ ಇದರೊಳಗೆ ಸಿಗತ್ತೆ. ಸಾಕ್ಷಿ ಯಾರಿದ್ದಾರೆ?"

ಡಾಕ್ಟ್ರು ವಿಜಯದ ನಗೆ ಬೀರಿ ಸಭೆಯತ್ತ ಕೈ ಚಾಚಿದರು. "ಹೇಳಿ ಅಜ್ಜಿ, ಇದು ಯಾರ ಹಾಡು?"

ಅಜ್ಜಿ ಕರವಸ್ತ್ರ ತೆಗೆದು, ಡಾಕ್ಟ್ರಿಗೆ ಮಾತ್ರ ಕಾಣುವಂತೆ ಕಣ್ಣು ಮಿಟುಕಿಸಿದರು. "ನಾನಂತೂ ಈ ಜನ್ಮದಲ್ಲಿ ಕೇಳಿಲ್ಲಪ್ಪ."

"ಟೈಲರ್!"

"ಗೊತ್ತಿಲ್ಲ ಡಾಕ್ಟ್ರೇ."

"ಅಯ್ಯೋ, ಈಗ ಹೇಳಬಹುದು! ವಾಚ್‌ಮನ್, ನೀನಾದ್ರೂ ಹೇಳಪ್ಪಾ!"

ವಾಚ್‌ಮನ್ ಛಾವಣಿ ನೋಡುತ್ತ ಸೆಟೆದು ನಿಂತ. ಡಾಕ್ಟ್ರು ಕೈ ಮುಗಿದಷ್ಟೂ ಅವರೆಲ್ಲರ ನಿಷ್ಠೆ ಹೆಚ್ಚಿತು. ಕೊನೆಗೆ ಅವರು ಹೆಂಡತಿಯತ್ತ ದೀನವಾಗಿ ನೋಡಿದರು. ಗಂಡನ ಮೇಲಿನ ಆಣೆ. ಅವಳು ತುಟಿ ಕಚ್ಚಿ ತಲೆ ತಗ್ಗಿಸಿದಳು.

ಅದೇ ಹೊತ್ತಿಗೆ ಕಿಟಕಿಯ ಕೆಳಗೆ ವ್ಯಾನೊಂದು ಬಂದು ನಿಂತು, ಧ್ವನಿವರ್ಧಕ ಅಬ್ಬರಿಸಿತು. ಹಾಡು ಅದೇ! ಅಜ್ಜಿಯದೇ ತಾಳ!

"ನಲ್ಲಿ, ಸಿಂಕು, ಕಮೋಡು, ಬಂದು ಒಮ್ಮೆ ನೋಡು! ಸೋರೋ ಮನೆಯ ಪಾಡು, ನಮ್ಮ ಕೈಗೆ ನೀಡು!"

ಬಾಗಿಲು ತಳ್ಳಿಕೊಂಡು ಭಾವಮೈದುನ ಒಳಗೆ ಬಂದ. ಮುಖ ಅರಳಿತ್ತು. "ಹೇಗಿದೆ ಭಾವ? ನಿಮ್ಮ ಪರೀಕ್ಷೆ ದಿನವೇ ಶುರು ಮಾಡೋಣ ಅಂತ ಯಾರಿಗೂ ಹೇಳಿರಲಿಲ್ಲ. ಅಂಗಡಿಯ ಹೊಸ ಜಾಹೀರಾತು!"

ಪರೀಕ್ಷಕರು ಡಾಕ್ಟ್ರನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಭಾವಮೈದುನನತ್ತ ಮುಖ ತಿರುಗಿಸಿದರು. "ಈ ಹಾಡು ಕಟ್ಟಿದ್ದು ಯಾರಪ್ಪಾ?"

"ನಾನೇ ಸಾರ್. ಭಾವನ ಮನೆ ಸ್ನಾನದ ಮನೇಲಿ ನಲ್ಲಿ ರಿಪೇರಿಗೆ ಕೂತಿದ್ದೆ. ಎಲ್ಲಿಂದ ಬಂತೋ, ಒಂದೊಂದೇ ಸ್ವರ ತಲೆಯೊಳಗೆ ತಾನಾಗೇ ಇಳೀತು."

"ಗೋಡೆ ಆಚೆ ನಾನು ನುಡಿಸ್ತಿದ್ದೆ ಕಣೋ!" ಡಾಕ್ಟ್ರು ಚೀರಿದರು.

"ಶ್! ನೀವು ಸುಮ್ನಿರಿ," ಪರೀಕ್ಷಕರು ಗದರಿಸಿ, ಭಾವಮೈದುನನ ಎರಡೂ ಕೈ ಹಿಡಿದುಕೊಂಡರು. "ಇಂಥ ಪ್ರತಿಭೆ ಇಟ್ಕೊಂಡು ಕಮೋಡು ಮಾರ್ತಿದ್ದೀಯಾ? ನಾಳೆನೇ ಸಂಯೋಜನೆಯ ಡಾಕ್ಟರೇಟಿಗೆ ಹೆಸರು ಕೊಡು. ಪ್ರವೇಶಕ್ಕೆ ಬೇಕಾದ್ದೆಲ್ಲ ನಾನು ನೋಡ್ಕೋತೀನಿ, ಮೇಡಂ ಜೊತೆ ನಾನೂ ಗೈಡ್. ಆದ್ರೆ ಹಗಲೆಲ್ಲ ಇಲ್ಲೇ ಇರಬೇಕಾಗತ್ತೆ."

ಭಾವಮೈದುನನ ಕಣ್ಣಲ್ಲಿ ನೀರಾಡಿತು. "ಓದಬೇಕು ಅನ್ನೋ ಆಸೆ ಮೊದಲಿಂದ್ಲೂ ಇತ್ತು ಸಾರ್. ಆದ್ರೆ ನಾನಿಲ್ಲಿ ಕೂತ್ರೆ ಅಂಗಡಿ ಗತಿ?"

ಸಭೆಯಲ್ಲಿದ್ದವರೆಲ್ಲ ನಿಧಾನವಾಗಿ ಡಾಕ್ಟ್ರ ಕಡೆ ತಿರುಗಿದರು.

"ಅಂಗಡಿ ಯೋಚನೆ ಬಿಡೋ," ಹೆಂಡತಿ ಎದ್ದು ನಿಂತು ಹೇಳಿದಳು. "ನಿಮ್ಮ ಭಾವ ಇದ್ದಾರಲ್ಲ."

ಭಾವಮೈದುನ ಜೇಬಿನಿಂದ ಬೀಗದ ಕೈ ಗೊಂಚಲು ತೆಗೆದು ಡಾಕ್ಟ್ರ ಕೈಯಲ್ಲಿಟ್ಟ. "ಶಟರ್ ಸ್ವಲ್ಪ ಬಿಗಿ ಇದೆ ಭಾವ, ಎತ್ತೋವಾಗ ಜೋಪಾನ."