ಶ್ರೀಮತಿ ನರಸಿಂಗ

“ನಾ ಯಾವಾಗ ಹೆಣ್ಣಾದೆ?”

ಕೊಹಿನೂರಿನ ತನ್ನ ಮನೆಯ ಕಟ್ಟೆಯ ಮೇಲೆ ಒಬ್ಬನೇ ನಿಂತು ನರಸಿಂಗ ಗಾಳಿಯನ್ನು ಕೇಳಿದ. ಅಂಚೆಯವನು ಆಗಷ್ಟೇ ಕೊಟ್ಟು ಹೋದ ಪತ್ರ ಕೈಯಲ್ಲಿತ್ತು: “ಶ್ರೀಮತಿ ನರಸಿಂಗ ಅವರೇ, ಹುಮನಾಬಾದಿನ ನಮ್ಮ ಕಚೇರಿಯ ಜವಾನ ಹುದ್ದೆಗೆ ನೀವು ಆಯ್ಕೆಯಾಗಿರುತ್ತೀರಿ. ಇದೇ ಹತ್ತನೆಯ ತಾರೀಖಿನ ಸಂಜೆ ನಾಲ್ಕರೊಳಗೆ ದಾಖಲೆಗಳೊಂದಿಗೆ ಹಾಜರಾಗತಕ್ಕದ್ದು. ವ್ಯತ್ಯಾಸ ಕಂಡುಬಂದಲ್ಲಿ ಆಯ್ಕೆ ರದ್ದಾಗುವುದು.” ಹತ್ತನೆಯ ತಾರೀಖು ಇವತ್ತೇ.

ಹತ್ತನೆಯ ತರಗತಿಯಲ್ಲಿ ಮೂರನೆಯ ಸಲಕ್ಕೆ ದಡ ಮುಟ್ಟಿದ ತನ್ನ ಅಂಕಗಳನ್ನು ಸರ್ಕಾರ ಕೊನೆಗೂ ಮೆಚ್ಚಿತಲ್ಲ ಎಂದು ಅವನಿಗೆ ಕಣ್ಣು ತುಂಬಿ ಬಂದಿತ್ತು. ವಯೋಮಿತಿ ದಾಟಲು ಎರಡೇ ತಿಂಗಳು ಬಾಕಿ. ಇದು ತಪ್ಪಿದರೆ ಸಾಯುವ ತನಕ ಕಬ್ಬು ಕಡಿಯುವುದೇ. ಆದರೆ ಆ ‘ಶ್ರೀಮತಿ’ ಎಲ್ಲಿಂದ ಬಂದಳು? ಜೇಬಿನಿಂದ ಗುರುತಿನ ಕಾರ್ಡು ತೆಗೆದು ನೋಡಿದ. ಹತ್ತು ವರ್ಷ ಎದೆಗಂಟಿಸಿಕೊಂಡು ತಿರುಗಿದರೂ, ಅರ್ಜಿಗೆ ಅದರ ನಕಲು ಹಚ್ಚಿದರೂ ಒಮ್ಮೆಯೂ ಓದಿರಲಿಲ್ಲ. ಎತ್ತಿನ ಕೋಡಿನಂಥ ಮೀಸೆಯ ಫೋಟೋ. ಅದರ ಪಕ್ಕದಲ್ಲೇ, ಲಿಂಗ: ಸ್ತ್ರೀ.

“ಏನಾತೋ ನರಸಿಂಗಾ?” ಎಂದು ಪಕ್ಕದ ಮನೆಯ ಸುಮನಬಾಯಿ ಗೋಡೆಯ ಮೇಲಿಂದ ಕತ್ತು ಚಾಚಿದಳು. ಊರಿನ ಸುದ್ದಿಯೆಲ್ಲ ಆ ಗೋಡೆ ಹತ್ತಿಯೇ ಇಳಿಯುತ್ತಿತ್ತು.

“ಕಾರ್ಡಿನಾಗ ಹೆಣ್ಣು ಅಂತ ಬಿದ್ದದವ್ವಾ. ಕಲ್ಯಾಣಕ್ಕ ಹೋಗಿ ಬದಲಿ ಮಾಡಸ್ಕೊಂಡು ಬರ್ತೀನಿ.”

ಇಷ್ಟೇ ಅವನು ಹೇಳಿದ್ದು. ಸುಮನಬಾಯಿಯೂ ಅದೇ ಬಸ್ಸಿಗೆ ಹತ್ತಿದಳು. ಕಂಡಕ್ಟರು ಬಂದೊಡನೆ, “ಅಂವಗ ಟಿಕೀಟ್ ಬ್ಯಾಡ್ರಿ, ಕಾರ್ಡ್ ನೋಡ್ರಿ, ಹೆಣ್ಮಗಳೇ ಇದ್ದಾಳ!” ಎಂದು ಕೂಗಿದಳು. ಬಸ್ಸು ಗೊಳ್ಳೆಂದಿತು. ನರಸಿಂಗ ಟಿಕೀಟಿನ ದುಡ್ಡನ್ನು ಕಂಡಕ್ಟರನ ಕೈಗೆ ತುರುಕಿ ಮೀಸೆ ತಿರುವಿದ. ತಿರುವಿದಷ್ಟೂ ನಗು ಏರಿತು.

ಬಸವಕಲ್ಯಾಣದಲ್ಲಿ ಇಳಿಯುವ ಹೊತ್ತಿಗೆ ಸುದ್ದಿ ಮೊಬೈಲು ಹತ್ತಿ ಕೊಹಿನೂರು ಮುಟ್ಟಿಯಾಗಿತ್ತು. ಕಳೆ ತೆಗೆಯಲು ಹೋಗಿದ್ದ ಹೆಂಡತಿ ದ್ರೌಪತಿ ಹೊಲದಿಂದಲೇ ಫೋನು ಮಾಡಿದಳು.

“ನನಗೊಂದು ಮಾತ ಹೇಳದ ಆಪರೇಶನ್ನಿಗಿ ಹೋಗೀರೇನು?”

“ಆಪರೇಶನ್ ಅಲ್ಲೇ, ಕಾಗದ ತಿದ್ದಸಾಕ ಬಂದೀನಿ!”

“ಎಲ್ಲಾ ಸುಮನಕ್ಕ ಹೇಳ್ಯಾಳ. ಹೆಣ್ಣಾದ್ರ ಆಗ್ರಿ, ನಂದೇನು ತಕರಾರಿಲ್ಲ. ಸಂಜೀಗಿ ಬಂದು ರೊಟ್ಟಿ ನೀವೇ ಬಡೀರಿ.” ಫೋನು ಕಟ್ಟಾಯಿತು.

ಕಾರ್ಡು ತಿದ್ದುವ ಅಂಗಡಿಯ ಬೆಂಚಿನಲ್ಲಿ ಒಂದೇ ಜಾಗ ಖಾಲಿಯಿತ್ತು. ಪಕ್ಕದಲ್ಲಿ ಹಸಿರು ಸೀರೆ ಉಟ್ಟ, ಎತ್ತರದ ಪೂನಂ ಕುಳಿತಿದ್ದಳು. ಅವಳು ಹುಟ್ಟಿದಾಗ ಮನೆಯವರು ಗಂಡು ಎಂದು ಪೇಢೆ ಹಂಚಿದ್ದರು. ಪೇಢೆ ಅಂದೇ ಮುಗಿದಿತ್ತು, ತಪ್ಪು ಮುಗಿಯಲು ಮೂವತ್ತು ವರ್ಷ ಬೇಕಾಯಿತು. ಅದರಲ್ಲಿ ಕಡೆಯ ಮೂರು ವರ್ಷ ಇದೇ ಬೆಂಚಿನ ಮೇಲೆ ಕಳೆದಿದ್ದವು. ಇವತ್ತು ಹೊಸ ಕಾರ್ಡು ಕೈಗೆ ಬಂದಿತ್ತು, ಮಧ್ಯಾಹ್ನದ ಬಸ್ಸಿಗೆ ಕಾಯುತ್ತಿದ್ದಳು. ನರಸಿಂಗ ಅವಳ ಮುಖ ನೋಡಿ, ಗೇಣುದೂರ ಸರಿದು, ಅರ್ಧ ಕುಂಡೆ ಬೆಂಚಿನ ಮೇಲೆ, ಅರ್ಧ ಗಾಳಿಯಲ್ಲಿ ಇಟ್ಟು ಕುಳಿತ.

ಅಂಗಡಿಯ ಅನೀಲಕುಮಾರ ಕಂಪ್ಯೂಟರಿನಿಂದ ಕಣ್ಣೆತ್ತಲಿಲ್ಲ. “ಹೆಣ್ಣಿಂದ ಗಂಡು. ಅಂದ್ರ ಲಿಂಗ ಪರಿವರ್ತನೆ. ಆಪರೇಶನ್ ಆಗಿದ್ದು ಕಾಗದ ಕೊಡ್ರಿ.”

“ಆಪರೇಶನ್ ಯಾತರದ್ರೀ! ತಪ್ಪು ಬಿದ್ದದ, ತಿದ್ರಿ.”

“ತಪ್ಪು ಅಂತ ಇದರಾಗ ಕಾಲಮೇ ಇಲ್ರಿ. ಪರಿವರ್ತನೆ ಅಂತ ಅದ. ಆಗಿದ್ರ ಕಾಗದ ಕೊಡ್ರಿ, ಇಲ್ಲಂದ್ರ ಆಗಿ ಬರ್ರಿ.”

ಆತ್ಮಕ್ಕೆ ಗಂಡು ಹೆಣ್ಣೆಂಬ ಭೇದವಿಲ್ಲ ಎಂದು ನರಸಿಂಗ ಎಷ್ಟೋ ಪ್ರವಚನಗಳಲ್ಲಿ ತಲೆದೂಗಿದ್ದ. ಕಂಪ್ಯೂಟರು ಪ್ರವಚನ ಕೇಳಿರಲಿಲ್ಲ.

“ಅಣ್ಣಾ, ಆ ಫಾರ್ಮು ನನಗ ಬಾಯಿಪಾಠ ಅದ,” ಎಂದಳು ಪೂನಂ. “ಡಾಕ್ಟರು ಬರದು ಕೊಟ್ರೂ ನಡೀತದ.”

“ಪರಿವರ್ತನೆ ಅಂದ್ರ… ನಿನ್ನಂಗ ಆಗೂದಲ್ಲೇನು?”

ಪೂನಂ ನಕ್ಕಳು. “ಆ ಶಬ್ದ ಊರು ಇಟ್ಟಿದ್ದಣ್ಣಾ. ನಾ ಏನೂ ಬ್ಯಾರೆ ಆಗಿಲ್ಲ. ಒಳಗ ಇದ್ದಾಕೀನೇ ಹೊರಗ ಬಂದಾಳ. ಡಾಕ್ಟರು ಮಾಡಿದ್ದು ಮೈಯಿಂದು, ಇಂವ ಮಾಡೂದು ಕಾಗದದ್ದು. ಜನ ಎರಡಕ್ಕೂ ಒಂದೇ ಹೆಸರು ಇಟ್ಟು ನಗ್ತಾರ. ನಿಮ್ಮದೂ ಹಂಗೇ ಅಲ್ಲೇನು? ನೀವೇನು ಈಗ ಗಂಡಸಾಗಾಕತ್ತೀರೇನು? ಇದ್ದದ್ದೇ ಬರಸಾಕತ್ತೀರಿ.”

ಬಸ್ಸಿನ ನಗು ಇನ್ನೂ ಕಿವಿಯಲ್ಲಿದ್ದ ನರಸಿಂಗನಿಗೆ ಮಾತು ಒಂದು ಗಳಿಗೆ ನಾಟಿತು. ಗಡಿಯಾರ ಹನ್ನೆರಡು ಹೊಡೆದು ನಾಲ್ಕರ ಗಡುವು ನೆನಪಾದದ್ದೇ ಆ ಮಾತು ಕಿತ್ತು ಹೋಯಿತು.

ದವಾಖಾನೆಯಲ್ಲಿ ಡಾಕ್ಟರ್ ಗಜಾಲಾ ಕೇಳಿದರು, “ಏನು ತ್ರಾಸ?”

“ಗಂಡಸ ಇದ್ದೀನ್ರಿ.”

“ಎಷ್ಟು ದಿನದಿಂದ?”

“ಹುಟ್ಟಿದಾಗಿಂದ್ರಿ!”

ಪರದೆಯ ಹಿಂದೆ ಪರೀಕ್ಷೆ ಆಯಿತು. ಡಾಕ್ಟರು ಬರೆದರು: “ಸದರಿ ವ್ಯಕ್ತಿ ಪುರುಷ. ಬಿಪಿ ಸ್ವಲ್ಪ ಜಾಸ್ತಿ.”

ಅನೀಲಕುಮಾರ ಹೆಬ್ಬೆರಳು ಒತ್ತಿಸಿಕೊಳ್ಳುವ ಮುನ್ನ ಹೇಳಿದ, “ಜನ್ಮಕ್ಕ ಒಂದೇ ಸಲ ಇದು. ಮತ್ತ ಹಿಂದಕ್ಕ ಬರಾಕಿಲ್ಲ. ವಿಚಾರ ಮಾಡೀರೇನು?”

“ಗಂಡಸಾಗಾಕ ವಿಚಾರ ಯಾಕ್ರೀ? ಒತ್ರಿ!”

ಪೂನಂಗೆ ಮೂರು ವರ್ಷ ಹಿಡಿದ ಕೆಲಸ ಮೀಸೆಗೆ ಎರಡೇ ತಾಸಿನಲ್ಲಿ ಮುಗಿದು, ‘ಲಿಂಗ: ಪುರುಷ’ ಎಂಬ ರಸೀದಿ ಕೈಗೆ ಬಂತು. ಹುಮನಾಬಾದಿನ ಬಸ್ಸಿನಲ್ಲಿ ಇಬ್ಬರೂ ಹಿಂದೆ ಮುಂದೆ ಕುಳಿತರು. ಸಾಂಗವಾಗಿ ಗಂಡಸಾಗಿದ್ದ ನರಸಿಂಗ ಉದಾರಿಯಾಗಿ, “ನೀ ಎಲ್ಲಿಗಿ ಹೊಂಟಿ?” ಎಂದು ಕೇಳಿದ.

“ಒಂದು ನೌಕರಿ ಅದಣ್ಣಾ. ವೇಟಿಂಗಿನಾಗ ಇದ್ದೀನಿ. ನನ್ನ ಮುಂದ ಯಾರೋ ಒಬ್ಬಾಕಿ ಹೆಣ್ಮಗಳು ಇದ್ದಾಳಂತ. ಆಕಿ ಬರಲಿಲ್ಲಂದ್ರ ನನಗ.”

“ಬರೂದಿಲ್ಲ ತಗೋ,” ಎಂದು ನರಸಿಂಗ ಹರಸಿದ.

ನಾಲ್ಕಕ್ಕೆ ಹತ್ತು ನಿಮಿಷವಿದ್ದಾಗ ಕಚೇರಿಯ ಬಾಗಿಲಲ್ಲಿ ಜವಾನ “ಶ್ರೀಮತಿ ನರಸಿಂಗ!” ಎಂದು ಕೂಗಿದ. ಕಾರಿಡಾರಿನವರೆಲ್ಲ ತಿರುಗಿ ನೋಡಿದರು. ನರಸಿಂಗ ಎದೆಯುಬ್ಬಿಸಿ ಒಳಗೆ ನುಗ್ಗಿ, ಧರ್ಮೇಂದ್ರ ಸಾಹೇಬರ ಮೇಜಿನ ಮೇಲೆ ಹೊಸ ರಸೀದಿ ಇಟ್ಟ. “ತಪ್ಪು ಬಿದ್ದಿತ್ರಿ ಸಾಹೇಬ್ರ. ತಿದ್ದಿಸೀನಿ. ನಾ ಗಂಡಸು.”

ಸಾಹೇಬರು ರಸೀದಿ ಓದಿದರು. ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಓದಿದರು.

“ಬಾಳ ಸಂತೋಷ. ಇದು ಮಹಿಳಾ ಮೀಸಲು ಹುದ್ದೆ ಅದರಿ. ಅರ್ಜಿ ಹಾಕಿದ್ದ ಹೆಣ್ಮಕ್ಕಳೇ ಕಡಿಮಿ, ಅದಕ್ಕ ನಿಮ್ಮ ಮಾರ್ಕಿಗಿ ಮೊದಲನೇ ನಂಬರ ಬಂದಿತ್ತು. ಗಂಡಸರ ಯಾದಿನಾಗ ಹಾಕಿದ್ರ…” ಅವರು ಹಾಳೆಯ ಮೇಲೆ ಹಾಳೆ ಮಗುಚಿದರು. “ನಾನೂರಾ ಹನ್ನೊಂದು.”

ನರಸಿಂಗನ ಮೀಸೆ ಮಳೆಗೆ ಸಿಕ್ಕ ಜೋಳದ ಕಣಿಕೆಯಂತೆ ಇಳಿಯಿತು. “ನಾ ಹಂಗೇ ಬಂದಿದ್ರ? ಈ ಮೀಸಿ ನೋಡಿ ನೀವು…”

“ಮೀಸಿ ನೋಡಬೇಕು ಅಂತ ನಮ್ಮ ಸುತ್ತೋಲೆದಾಗ ಇಲ್ರಿ. ನಾವು ಕಾಗದ ನೋಡ್ತೀವಿ.” ಸಾಹೇಬರು ಬಾಗಿಲ ಕಡೆ ತಿರುಗಿದರು. “ವೇಟಿಂಗಿನ ಪೂನಂ, ಬರ್ರಿ.”

ಹಸಿರು ಸೀರೆ ಒಳಗೆ ಬಂತು. ಕಾರ್ಡು, ಪತ್ರ ಎಲ್ಲ ತಾಳೆಯಾದವು. ಪೂನಂ ಸಹಿ ಹಾಕಲು ಪೆನ್ನು ತೆಗೆದಳು. ನರಸಿಂಗ ಇತ್ತ ಕೈಮುಗಿಯುತ್ತಿದ್ದ, ಅತ್ತ ಅನೀಲಕುಮಾರನಿಗೆ ಫೋನು ಹಚ್ಚುತ್ತಿದ್ದ. ಫೋನು ಎತ್ತಿದ ಅನೀಲಕುಮಾರ “ಜನ್ಮಕ್ಕೊಮ್ಮೆ ಅಂತ ಹೇಳಿದ್ದಿಲ್ಲೇನು?” ಎಂದು ಇಟ್ಟುಬಿಟ್ಟ.

ಮುಂಜಾನೆ ಗೇಣುದೂರ ಸರಿದು ಕುಳಿತವನು ಈಗ ಪೂನಂಳ ಕುರ್ಚಿಗೇ ಅಂಟಿಕೊಂಡು ನಿಂತ.

“ತಂಗೀ, ಒಳಗ ಇದ್ದಾಕೀನೇ ಹೊರಗ ಬರ್ತಾಳ ಅಂದಿದ್ದೆಲ್ಲವ್ವಾ? ನನ್ನೊಳಗೂ ಮೊದಲಿಂದ ಒಬ್ಬಾಕಿ ಇದ್ದಾಳ ಅಂತ ಸಾಹೇಬ್ರಿಗಿ ಒಂದ ಮಾತ ಹೇಳು. ನೀ ಹೇಳಿದ್ರ ನಂಬ್ತಾರ. ನೌಕರಿ ಸಿಗೂತನಾ ಇದ್ರ ಸಾಕು, ಆಮ್ಯಾಲ ಆಕಿ ಒಳಗೇ ಹೋಗ್ತಾಳ!”

ಪೂನಂ ಸಹಿ ಮುಗಿಸಿದಳು, ಪೆನ್ನಿನ ಟೊಪ್ಪಿಗೆ ಹಾಕಿದಳು, ಅವನ ಮುಖವನ್ನು ಮೀಸೆಯ ಈ ತುದಿಯಿಂದ ಆ ತುದಿಯವರೆಗೆ ನೋಡಿದಳು.

“ಇಲ್ಲಣ್ಣಾ. ಹೇಳೂದಿಲ್ಲ.”