ಪ್ರಪಂಚದಲ್ಲೇ ಅತಿ ಕೆಟ್ಟ ಪ್ರೊಸೆಸರ್ ಮತ್ತು ನಮ್ಮನೆಯ ಬಾಣಂತಿ ಕೋಣೆ

ಸಲಹೆ ಕೊಡುವವರಲ್ಲಿ ಎರಡು ಬಗೆ. ಕೇಳಿದ ಮೇಲೆ ಕೊಡುವವರು ಒಂದು, ಕೇಳುವ ತನಕ ಕಾಯಲಾರದವರು ಇನ್ನೊಂದು. ನಾನು ಎರಡನೆಯ ಗುಂಪಿನವನೆಂದು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು. ಬೂದಿಕೋಟೆ ಬಸ್ಸಿನಲ್ಲಿ ಪಕ್ಕದವರ ಚೀಲದಿಂದ ಒಂದು ಬದನೆಕಾಯಿ ಇಣುಕಿದರೂ ಸಾಕು, ಎಷ್ಟಕ್ಕೆ ತಂದಿರಿ ಎಂದು ಕೇಳದೆ ನನ್ನಿಂದ ಇರಲಾಗುವುದಿಲ್ಲ. ಅವರು ಎಷ್ಟೇ ಹೇಳಲಿ, ಜಾಸ್ತಿ ಕೊಟ್ಟಿರಿ ಎನ್ನದೆ ಇಳಿಯಲಾಗುವುದಿಲ್ಲ. ಇದು ಸೊಕ್ಕಲ್ಲ, ಅಭ್ಯಾಸ. ಸಂತೆಯಲ್ಲಿ ಗೋಣಿಚೀಲ ಹಾಸಿ ಹಳೆಯ ಸೈಕಲ್ ಸಾಮಾನು ಮಾರುತ್ತ ಶುರುಮಾಡಿ, ಈಗ ಬಂಗಾರಪೇಟೆಯಲ್ಲಿ ಸೆಕೆಂಡ್‌ಹ್ಯಾಂಡ್ ಕಂಪ್ಯೂಟರ್ ಅಂಗಡಿ ಇಟ್ಟುಕೊಂಡಿರುವವನು ನಾನು. ನನ್ನನ್ನು ಮೇಲಕ್ಕೆ ತಂದದ್ದು ವಿದ್ಯೆಯಲ್ಲ, ಚೌಕಾಸಿ. ಅದರ ಮೂಲಮಂತ್ರವನ್ನು ನಿಮಗೆ ಪುಕ್ಕಟೆಯಾಗಿ ಹೇಳುತ್ತೇನೆ: ಬೇಕಾದ ವಸ್ತುವಿನ ಕಡೆ ಕಣ್ಣೆತ್ತಿಯೂ ನೋಡಬೇಡಿ. ಮಿಕ್ಸಿ ಬೇಕಿದ್ದರೆ ಸ್ಟೂಲಿನ ಬೆಲೆ ಕೇಳಿ. ಸ್ಟೂಲು ಬೇಕಿದ್ದರೆ ಮಿಕ್ಸಿ ತಿರುಗಿಸಿ ನೋಡಿ ಉಸ್ಸೆನ್ನಿ. ಹೆಣ್ಣು ನೋಡಲು ಹೋದ ದಿನವೂ ನಾನು ಈ ಅಭ್ಯಾಸದ ಬಲದಿಂದ ಅವರ ಗೋಡೆ ಗಡಿಯಾರವನ್ನೇ ನೋಡುತ್ತಿದ್ದೆನಂತೆ. "ಆ ಗಡಿಯಾರಕ್ಕೇ ತಾಳಿ ಕಟ್ಬೇಕಿತ್ತು ನೀವು" ಎಂದು ನನ್ನ ಹೆಂಡತಿ ಸರೋಜ ಇವತ್ತಿಗೂ ಹೇಳುತ್ತಾಳೆ.

ಕಂಪ್ಯೂಟರಿನ ವಿಷಯದಲ್ಲಿ ನನ್ನ ಅತಿ ದೊಡ್ಡ ಸಲಹೆ ಪೆಂಟಿಯಂ ಫೋರ್ ಕುರಿತಾದದ್ದು. ಕಂಪ್ಯೂಟರಿಗೆ ತಲೆ ಎಂದರೆ ಪ್ರೊಸೆಸರ್. ಬೆಂಕಿಪೊಟ್ಟಣದ ಮುಚ್ಚಳದಷ್ಟಿರುವ ಒಂದು ಚೌಕ. ಪೆಂಟಿಯಂ ಫೋರ್ ಎನ್ನುವ ತಲೆ ಯೋಚನೆ ಮಾಡುವುದಕ್ಕಿಂತ ಬಿಸಿಯಾಗುವುದೇ ಹೆಚ್ಚು. ನನ್ನ ಅಂಗಡಿಯಲ್ಲೇ ಒಂದಿತ್ತು. ಬೇಸಿಗೆಯಲ್ಲಿ ಅದರ ಪಕ್ಕ ಕೂತು ಬಿಲ್ಲು ಬರೆಯುವಾಗ ನನ್ನ ಎಡಗಾಲು ಬೆವರುತ್ತಿತ್ತು, ಬಲಗಾಲು ಒಣಗಿರುತ್ತಿತ್ತು. ಆ ಸಿಟ್ಟಿಗೆ ವರ್ಷಗಟ್ಟಲೆ ಅಂಗಡಿಗೆ ಬಂದವರಿಗೆಲ್ಲ, ಬಾರದವರಿಗೂ, ಒಂದೇ ಪಾಠ ಹೇಳಿದೆ: ಪ್ರಪಂಚದಲ್ಲಿ ಇದುವರೆಗೆ ಮಾಡಿದ ಪ್ರೊಸೆಸರುಗಳಲ್ಲೇ ಅತಿ ಕೆಟ್ಟದ್ದು ಪೆಂಟಿಯಂ ಫೋರ್, ಅದು ಕಂಪ್ಯೂಟರಲ್ಲ, ಒಲೆ. ಮಾತು ಜನಕ್ಕೆ ಹಿಡಿಸಿತು. ತಾಲ್ಲೂಕಿನಲ್ಲಿ ಕಂಪ್ಯೂಟರನ್ನು ಮುಟ್ಟಿಯೂ ನೋಡದವರು ಪೆಂಟಿಯಂ ಫೋರ್ ಎಂದರೆ ಮೂಗು ಮುರಿಯುವ ಹಾಗೆ ಮಾಡಿದ ಕೀರ್ತಿ ನನ್ನದು.

ಹೀಗಿರುವಾಗ ಕೆಜಿಎಫ್‌ನಲ್ಲಿ ಯಾರೋ ಒಬ್ಬರು ತಮ್ಮ ಟೈಪಿಂಗ್ ಸೆಂಟರ್ ಮುಚ್ಚುತ್ತಿದ್ದಾರೆ, ಇಪ್ಪತ್ತಕ್ಕೂ ಮೇಲೆ ಕಂಪ್ಯೂಟರ್ ಇವೆ ಎಂದು ಸುದ್ದಿ ಬಂತು. ಹೋದೆ. ಮಂತ್ರ ಮರೆಯಲಿಲ್ಲ. ಕಂಪ್ಯೂಟರುಗಳಿಗೆ ಬೆನ್ನು ಹಾಕಿ ನಿಂತು, ಬೆಳಿಗ್ಗೆಯಿಂದ ಊಟದ ಹೊತ್ತಿನವರೆಗೆ ಬರೀ ಕುರ್ಚಿಗಳ ಬಗ್ಗೆ ಮಾತಾಡಿದೆ. ಕುರ್ಚಿಯ ಕಾಲು ಅಲ್ಲಾಡಿಸಿದೆ, ಬೆತ್ತ ಎಳೆದು ನೋಡಿದೆ, ಬೇಡವೆಂದು ಎರಡು ಸಲ ಮೆಟ್ಟಿಲಿಳಿದೆ. ಕೊನೆಗೆ ಆ ಮನುಷ್ಯನೇ ಸೋತು, "ಆ ಕಂಪ್ಯೂಟರೂ ಸೇರಿಸಿ ತಗೊಂಡು ಹೋಗಿ ಸಾರ್, ನನಗೆ ಜಾಗ ಖಾಲಿ ಆದ್ರೆ ಸಾಕು" ಎಂದ. ಬಲವಂತಕ್ಕೆ ಒಪ್ಪಿಕೊಳ್ಳುವವನ ಮುಖ ಮಾಡಿಕೊಂಡು ಎಲ್ಲವನ್ನೂ ಲಗೇಜ್ ಆಟೋಗೆ ಏರಿಸಿದೆ. ಅಂಗಡಿಯಲ್ಲಿ ಜಾಗವಿಲ್ಲದ್ದರಿಂದ ಮನೆಯ ಹಿಂದಿನ ಕೋಣೆಗೆ ಇಳಿಸಿದ್ದಾಯಿತು.

ಕೆಜಿಎಫ್‌ನ ಚಾಂಪಿಯನ್ ರೀಫ್ಸ್ ಕಡೆಯ ಸೆಲ್ವಂ ನನ್ನ ರಿಪೇರಿ ಕೆಲಸ ನೋಡಿಕೊಳ್ಳುವವನು. ಮಾರನೆಯ ದಿನ ಬಂದು ಮೊದಲನೆಯ ಡಬ್ಬದ ಮುಚ್ಚಳ ಬಿಚ್ಚಿ ಒಳಗೆ ಇಣುಕಿದ. ಎರಡನೆಯದನ್ನು ಬಿಚ್ಚಿದ. ಮೂರನೆಯದಕ್ಕೆ ಸ್ಕ್ರೂಡ್ರೈವರ್ ಕೆಳಗಿಟ್ಟು, "ಅಣ್ಣೇ, ತಗೊಳ್ಳೋವಾಗ ಒಂದ್ಸಲ ನೋಡ್ಲಿಲ್ವಾ ನೀವು?" ಎಂದ.

"ನೋಡಿದ್ರೆ ಬೆಲೆ ಏರ್ತಿತ್ತು ಕಣೋ."

"ಎಲ್ಲಾ ಪೋಚ್ಚು ಅಣ್ಣೇ, ದುಡ್ಡು ಹೋಯ್ತು. ಅಷ್ಟೂ ಪೆಂಟಿಯಂ ಫೋರು. ನಿಮ್ಮ ಒಲೆ."

ಇಷ್ಟೇ ಆಗಿದ್ದರೆ ನಷ್ಟವನ್ನು ನುಂಗಿಕೊಂಡು ಕೂರಬಹುದಿತ್ತು. ಆದರೆ ಮುಳಬಾಗಿಲಿಗೆ ಕೊಟ್ಟಿರುವ ನಮ್ಮ ಮಗಳು ಪವಿತ್ರ ಚೊಚ್ಚಲ ಬಸುರಿ. ಬಳೆ ತೊಡಿಸಿ ಕರೆದುಕೊಂಡು ಬರುವ ದಿನ ಗೊತ್ತಾಗಿತ್ತು. ಮನೆಯಲ್ಲಿ ಗಾಳಿ ನುಗ್ಗದ, ಬಚ್ಚಲಿಗೆ ಹತ್ತಿರವಾದ, ಬಾಣಂತಿ ಮಲಗಲು ತಕ್ಕ ಕೋಣೆ ಎಂದರೆ ಅದೊಂದೇ. ಅದರಲ್ಲೀಗ ನೆಲದಿಂದ ಸೂರಿನವರೆಗೆ ಪೆಂಟಿಯಂ ಫೋರ್ ತುಂಬಿತ್ತು, ನಡುವೆ ಕುರ್ಚಿಗಳು ಕಾಲು ಮೇಲೆ ಮಾಡಿಕೊಂಡು ಬಿದ್ದಿದ್ದವು. ಈ ಸುದ್ದಿ ಹೇಗೋ ಮುಳಬಾಗಿಲಿಗೆ ಮುಟ್ಟಿ, ಬೀಗಿತಿ ಫೋನು ಮಾಡಿದರು. "ಜಾಗ ಇಕ್ಕಟ್ಟಾಯ್ತದೆ ಅಂದ್ರೆ ಸಂಕೋಚ ಬೇಡ ಸರೋಜಮ್ಮ, ಬಾಣಂತನ ಇಲ್ಲೇ ಮಾಡಿಬಿಡ್ತೀವಿ. ನಮ್ಮನೇಲಿ ರೂಮಿಗೇನು ಬರ" ಎಂದರು, ಬೆಲ್ಲದಂಥ ದನಿಯಲ್ಲಿ. ಚೊಚ್ಚಲ ಬಾಣಂತನ ತವರಿನಲ್ಲಿ ಆಗಲಿಲ್ಲ ಎಂದರೆ ನಮ್ಮ ಕಡೆ ಹೆಣ್ಣು ಕೊಟ್ಟವರು ತಲೆಯೆತ್ತಿ ಓಡಾಡುವ ಹಾಗಿಲ್ಲ. ಸರೋಜ ಫೋನು ಇಟ್ಟು, ಕೂಗಾಡಲಿಲ್ಲ. "ಮಗಳು ಬರೋ ಅಷ್ಟೊತ್ತಿಗೆ ಆ ರೂಮಲ್ಲಿ ಮಂಚ ಇರ್ಬೇಕು. ಇಲ್ಲಾಂದ್ರೆ ಅವಳ ಜೊತೆ ನಾನೂ ಮುಳಬಾಗಿಲಲ್ಲೇ ಇರ್ತೀನಿ. ನೀವು ಇಲ್ಲಿ ಅಡುಗೆ ಮಾಡ್ಕೊಳ್ಳಿ, ಹೇಗೂ ಒಲೆಗೆ ಕೊರತೆ ಇಲ್ಲ" ಎಂದಳು.

ಮಾರಲು ಹೊರಟೆ. ಬೂದಿಕೋಟೆ ಕಡೆಯ ಚಂಗಲರಾಯಪ್ಪ ನನಗಿಂತ ಹಿರಿಯರು, ಹಸು ಕಟ್ಟಿಕೊಂಡು ನೆಮ್ಮದಿಯಾಗಿರುವವರು, ನನ್ನ ಹಳೆಯ ಗಿರಾಕಿ. ಮೊಮ್ಮಕ್ಕಳು ಟೈಪಿಂಗ್ ಕಲಿಯಲಿ, ಎರಡು ಇಟ್ಟುಕೊಳ್ಳಿ ಎಂದೆ.

"ಒಳಗೆ ಏನೈತೆ?" ಎಂದರು.

"ಪೆಂಟಿಯಂ ಫೋರು" ಎಂದೆ, ಬೇರೆಲ್ಲೋ ನೋಡುತ್ತ.

"ಯಾಕ್ಲಾ ರಾಜ, ಓದ ವರ್ಸ ಇದೇ ಜಗಲಿ ಮ್ಯಾಲೆ ಕುಂತ್ಕಂಡು ನೀನೇ ಏಳಿದ್ದಲ್ಲೇನ್ಲಾ, ಪ್ರಪಂಚದಾಗೇ ಕೆಟ್ಟದ್ದು ಅದು, ಪುಕ್ಕಟೆ ಕೊಟ್ರೂ ಮುಟ್ಬೇಡ ಅಂತ. ಈಗ ಅದನ್ನ ನನ್ ತಲೆಗೇ ಕಟ್ಟಾಕೆ ಬಂದಿದ್ದೀಯಲ್ಲಾ."

ಹೋದಲ್ಲೆಲ್ಲ ಇದೇ ಕತೆ. ನನ್ನ ಮಾತುಗಳು ನನಗಿಂತ ಮುಂಚೆ ಹೋಗಿ ಜಗಲಿಯ ಮೇಲೆ ಕೂತಿರುತ್ತಿದ್ದವು. ಒಬ್ಬರೂ ಒಂದು ಅಕ್ಷರ ಮರೆತಿರಲಿಲ್ಲ. ಉಳಿದ ಸಲಹೆಗಳನ್ನೂ ಜನ ಇಷ್ಟು ಶ್ರದ್ಧೆಯಿಂದ ನೆನಪಿಟ್ಟುಕೊಂಡಿದ್ದರೆ ಈ ಊರು ಎಂದೋ ಉದ್ಧಾರವಾಗುತ್ತಿತ್ತು.

ಆಗ ನನಗೆ ಹೊಳೆದ ಉಪಾಯವನ್ನು ಈಗ ಹೇಳಲೂ ನಾಚಿಕೆಯಾಗುತ್ತದೆ, ಆದರೆ ಹೊಳೆದಾಗ ಬಹಳ ಚೆನ್ನಾಗಿ ಕಂಡಿತು. ಅತಿ ಕೆಟ್ಟದ್ದು ಎಂಬ ಪಟ್ಟ ಒಂದಕ್ಕೇ ಸಿಗುವುದು ತಾನೆ? ಆ ಪಟ್ಟಕ್ಕೆ ಇನ್ನೊಂದು ಪ್ರೊಸೆಸರನ್ನು ಕೂರಿಸಿದರೆ ಪೆಂಟಿಯಂ ಫೋರ್ ತಂತಾನೇ ಮೇಲೇಳುತ್ತದೆ. ಸ್ಟೇಷನ್ ಹತ್ತಿರದ ಪಾನಿಪೂರಿ ಗಾಡಿಯ ಮುಂದೆ ಸಂಜೆ ಅರ್ಧ ಬಂಗಾರಪೇಟೆ ನಿಂತಿರುತ್ತದೆ. ಅಲ್ಲೊಂದು ಚರ್ಚೆ ಎಬ್ಬಿಸುವುದು, ಸೆಲ್ವಂ ನನಗೆ ಎದುರು ವಾದಿಸಿ ಕೊನೆಗೆ ಸೋಲುವುದು ಎಂದು ಮಾತಾಯಿತು. ಅವನಿಗೆ ಎರಡು ಪ್ಲೇಟು ಪಾನಿಪೂರಿ ಮುಂಗಡ ಕೊಡಿಸಿದೆ.

ಶುರು ಚೆನ್ನಾಗಿಯೇ ಆಯಿತು. ಮೊದಲು ನಾನು ಸೆಲೆರಾನ್ ಎಂಬ ಹಳೆಯ ಪ್ರೊಸೆಸರನ್ನು ಎಳೆದು ತಂದೆ. ಅದರ ಮೊದಲ ತಲೆಮಾರಿಗೆ ಎರಡನೇ ಹಂತದ ಕ್ಯಾಶ್, ಅಂದರೆ ಬೇಕಾದ ಮಾಹಿತಿಯನ್ನು ಕೈಗೆಟುಕುವ ಹಾಗೆ ಇಟ್ಟುಕೊಳ್ಳುವ ಗೂಡು, ಇರಲಿಲ್ಲ. "ಒಗ್ಗರಣೆ ಡಬ್ಬಿ ಇಲ್ಲದ ಅಡುಗೆಯವನು ಅಂದ್ಕೊಳ್ಳಿ, ಚಿಟಿಕೆ ಸಾಸಿವೆಗೂ ಅಟ್ಟ ಹತ್ತಿ ಇಳೀತಾನೆ" ಎಂದೆ. ಜನ ತಲೆದೂಗಿದರು. ಅದಕ್ಕಿಂತ ಹಿಂದಿನ ಪೆಂಟಿಯಂ ಒಂದು ಭಾಗಾಕಾರವನ್ನೇ ತಪ್ಪು ಮಾಡುತ್ತಿತ್ತು ಎಂದು ಸೆಲ್ವಂ ಸೇರಿಸಿದ. "ಎಲ್ಲೋ ಅಪರೂಪಕ್ಕೊಂದು ಲೆಕ್ಕದಲ್ಲಿ ಅಣ್ಣೇ, ಅದೂ ಚುಕ್ಕಿ ಆದ್ಮೇಲೆ ದೂರದಲ್ಲಿ." ಗಾಡಿಯವನು, ಅಷ್ಟು ತಪ್ಪು ತಾನು ದಿನಾ ಮಾಡುತ್ತೇನೆ, ಯಾರೂ ವಾಪಸ್ ಕಳಿಸಿಲ್ಲ ಎಂದು ಅದನ್ನು ಖುಲಾಸೆ ಮಾಡಿದ. ಪೂರಿ ತಿನ್ನುತ್ತಿದ್ದ ಗುಜರಿ ಗೋವಿಂದ, "ಒಳಗೆ ಬಂಗಾರ ಇರ್ತದಂತಲ್ಲಾ, ನಿಜವೇನಣ್ಣ?" ಎಂದು ಮಧ್ಯೆ ಬಾಯಿ ಹಾಕಿದ. ಸೆಲ್ವಂ ನಕ್ಕ. "ಹಳೇ ಕಾಲದ್ದರಲ್ಲಿ ಒಂದು ಚೂರು ಬಳಿದಿರ್ತಿದ್ರು. ನಮ್ಮಪ್ಪ ಕೆಜಿಎಫ್ ಮೈಸೂರು ಮೈನ್ಸಲ್ಲಿ ಬಂಗಾರ ಅಗೆದು ಜೀವ ಸವೆಸಿದೋರು, ಅವರಿಗೆ ಅದೊಂದೇ ಲೆಕ್ಕ. ಬಂಗಾರ ಇದ್ರೆ ಒಳ್ಳೇ ಪ್ರೊಸೆಸರು, ಇಲ್ದಿದ್ರೆ ಕೆಟ್ಟದ್ದು."

ಅಲ್ಲಿಂದ ಸೆಲ್ವಂಗೆ ವಾದದ ಅಮಲು ಏರಿತು. ತಾನು ಸೋಲಬೇಕು ಎನ್ನುವುದನ್ನು ಮರೆತು, ಪೆಂಟಿಯಂ ಫೋರಿನಷ್ಟು ಕೆಟ್ಟದ್ದು ಹಿಂದೆ ಹುಟ್ಟಿಲ್ಲ, ಮುಂದೆ ಹುಟ್ಟುವುದಿಲ್ಲ ಎಂದು ನಾನು ಕಲಿಸಿದ ಮಾತುಗಳನ್ನೇ ನನಗಿಂತ ಚೆನ್ನಾಗಿ ಹೇಳತೊಡಗಿದ. ಕಾಲು ತುಳಿದೆ, ನಿಲ್ಲಿಸಲಿಲ್ಲ. ನನಗೂ ರೋಷ ಬಂತು. ಕೈಲಿದ್ದ ತಟ್ಟೆ ಇಟ್ಟು ಆಟಮ್ ಎಂಬ ಇನ್ನೊಂದು ಪ್ರೊಸೆಸರಿನ ಮೇಲೆ ಬಿದ್ದೆ. "ಆಟಮ್ ಅನ್ನೋದೊಂದಿದೆಯಲ್ಲ, ಅದಕ್ಕಿಂತ ಕೆಟ್ಟದ್ದನ್ನ ತೋರಿಸಿ ನೋಡೋಣ. ಕರೆಂಟು ಕಡಿಮೆ ತಿನ್ನುತ್ತೆ ಅಂತಾರೆ. ಮೇವು ತಿನ್ನದ ಎತ್ತು ಮೇವು ಉಳಿಸುತ್ತೆ, ಹೊಲ ಉಳುತ್ತಾ? ಗುಂಡಿ ಒತ್ತಿ, ಹಾಲು ಕರೆದು, ಡೈರಿಗೆ ಹಾಕಿ ಬಂದ್ರೂ ಪರದೆ ಮೇಲೆ ಇನ್ನೂ ಚಕ್ರ ತಿರುಗ್ತಾ ಇರುತ್ತೆ. ಪೆಂಟಿಯಂ ಫೋರು ಬಿಸಿಯಾಗುತ್ತೆ, ಒಪ್ತೀನಿ. ಕೆಲಸ ಮಾಡೋನಿಗೆ ಮೈ ಬಿಸಿಯಾಗುತ್ತೆ. ಆಟಮ್ ತಣ್ಣಗಿರುತ್ತೆ ನೋಡಿ, ಸೋಮಾರಿ ಥರ." ಜನ ನಕ್ಕು ಒಪ್ಪಿದರು. ಪಟ್ಟ ಬದಲಾಯಿತು. ಕೆಲಸದ ಮೇಲೆ ಪೇಟೆಗೆ ಬಂದು, ಅಷ್ಟು ಹೊತ್ತೂ ಪೂರಿ ಅಗಿಯುತ್ತಿದ್ದ ಚಂಗಲರಾಯಪ್ಪ, "ಆಟಮ್ ಅಂದ್ರೆ ಯಾವ್ದ್ಲಾ ರಾಜ? ಆ ಸಣ್ಣ ಲ್ಯಾಪ್‌ಟಾಪ್ನಾಗೆ ಇರ್ತದಲ್ಲ, ಅದಾ?" ಎಂದರು. ಗೆಲುವಿನ ಗುಂಗಿನಲ್ಲಿದ್ದ ನಾನು, "ಅದೇ, ಅದೇ" ಎಂದೆ.

ಮಾರನೆಯ ದಿನ ಬೆಳಿಗ್ಗೆ ಬಾಗಿಲು ತೆಗೆದರೆ ಚಂಗಲರಾಯಪ್ಪ, ಕಂಕುಳಲ್ಲಿ ಟವೆಲ್ಲಿನಲ್ಲಿ ಸುತ್ತಿದ ಲ್ಯಾಪ್‌ಟಾಪು. ನಾನೇ ಮಾರಿದ್ದು. "ನಿಧಾನ ಅಂತ ಮಕ್ಳು ಏಳ್ತಿದ್ವು, ನಾನೇ ಗದರ್ತಿದ್ದೆ, ರಾಜ ಕೊಟ್ಟಿದ್ದು ಕಣ್ರಲಾ, ಸುಮ್ನಿರಿ ಅಂತ. ಅಷ್ಟು ಕೆಟ್ಟದ್ದು ಅಂತ ಗೊತ್ತಿದ್ದೂ ಕೊಟ್ಟಿದ್ದೀಯಲ್ಲಾ. ತಗಾ, ಬೇರೇದು ಕೊಡು." ಸಂಜೆಯೊಳಗೆ ಇನ್ನಷ್ಟು ಜನ ಬಂದರು. ಕೆಲವರು ಚಾರ್ಜರಿನ ಸಮೇತ. ಒಂದು ಕಾಲದಲ್ಲಿ ಆ ಸಣ್ಣ ಲ್ಯಾಪ್‌ಟಾಪುಗಳನ್ನು ಸೀಮೆಗೆಲ್ಲ ಹಂಚಿದ್ದು ನಾನೇ ಎಂಬುದು ಚರ್ಚೆಯ ಬಿಸಿಯಲ್ಲಿ ನೆನಪಾಗಿರಲಿಲ್ಲ. ಅಂಗಡಿಯಲ್ಲಿದ್ದ ಒಳ್ಳೆಯ ಮಾಲು ಅವರ ಕೈಸೇರಿತು, ಆಟಮ್‌ಗಳು ಹಿಂದಿನ ಕೋಣೆ ಸೇರಿದವು. ಬಾಗಿಲು ಹಾಕಲೂ ಜಾಗ ಉಳಿಯಲಿಲ್ಲ. ಮಗಳನ್ನು ಕರೆತರಲು ಮುಳಬಾಗಿಲಿಗೆ ಹೊರಡುವುದು ನಾಡಿದ್ದಕ್ಕೆ ಬಂದಿತ್ತು.

ಸರೋಜ ನನ್ನನ್ನು ಏನೂ ಕೇಳದೆ ಗುಜರಿ ಗೋವಿಂದನನ್ನು ಕರೆಸಿದಳು. "ನೀವು ನಡುಮನೇಲಿ ಕೂತಿರಿ. ಬಾಯಿ ತೆಗೀಬೇಡಿ" ಎಂದಳು. ಕಿಟಕಿಯ ಪಕ್ಕ ಕೂತೆ. ಗೋವಿಂದ ಕೋಣೆಯನ್ನು ನೋಡಿ, ಕಬ್ಬಿಣದ ತೂಕಕ್ಕೆ ಒಂದು ರೇಟು ಹೇಳಿದ. ಸರೋಜ "ಸರಿ" ಎಂದಳು. ನನ್ನ ಇಷ್ಟು ವರ್ಷದ ವ್ಯಾಪಾರದಲ್ಲಿ ಅಂಥ ಮಾತು ಕಿವಿಗೆ ಬಿದ್ದಿರಲಿಲ್ಲ. ಯಾರೋ ಎದೆಗೆ ಒದ್ದ ಹಾಗಾಯಿತು.

ಗೋವಿಂದನಿಗೆ ನನಗಿಂತ ಹೆಚ್ಚು ದಿಗಿಲಾಯಿತು. "ಅಕ್ಕಾ, ರಾಜಣ್ಣನ ಮನೇಲಿ ಒಂದೇ ಮಾತಿಗೆ ಸರಿ ಅಂದ್ರೆ ನಂಗೆ ಭಯ ಆಯ್ತದೆ. ಕೆಜಿಎಫ್ ಮಾಲು ಇದು. ಒಳಗೆ ಬಂಗಾರ ಗಿಂಗಾರ ಇದ್ದು, ಆಮೇಲೆ ಅಣ್ಣ ಬಂದು ಜಗಳ ತೆಗೀಬಾರ್ದು. ಇನ್ನೊಂದಿಷ್ಟು ಸೇರಿಸಿ ಕೊಡ್ತೀನಿ" ಎಂದ.

"ಬೇಡಪ್ಪ. ಮೊದಲು ಹೇಳಿದ್ದೇ ಸಾಕು, ಬೇಗ ಎತ್ತು."

ಅವನ ಅನುಮಾನ ಗಟ್ಟಿಯಾಯಿತು. ಇನ್ನೂ ಸ್ವಲ್ಪ ಏರಿಸಿದ. ಅವಳು ಮತ್ತೆ ಬೇಡವೆಂದಳು. ಮತ್ತೆ ಏರಿಸಿದ. ನಾನು ಬೆಳಗಿನಿಂದ ಊಟದವರೆಗೆ ಕುರ್ಚಿ ಅಲ್ಲಾಡಿಸಿ ಇಳಿಸಿದ್ದ ಬೆಲೆಯನ್ನು ನನ್ನ ಹೆಂಡತಿ ಸೆರಗು ಸಿಕ್ಕಿಸಿಕೊಂಡು ನಿಂತಲ್ಲೇ ದಾಟಿಸಿಬಿಡುವ ಹಾಗಿತ್ತು. ಹೆಮ್ಮೆಯಿಂದಲೋ ಹೊಟ್ಟೆಕಿಚ್ಚಿನಿಂದಲೋ ನಾನು ಕಿಟಕಿಯ ಸರಳಿಗೆ ಮುಖ ಒತ್ತಿದೆ. ಅಷ್ಟರಲ್ಲಿ ಗೋವಿಂದ ಕಿಟಕಿಯಲ್ಲಿ ನನ್ನ ಮುಖ ಕಂಡು, "ಅಣ್ಣಾ, ನೀವೇ ಒಂದ್ಮಾತು ಏಳಿ. ಇದ್ರಲ್ಲಿ ಒಳ್ಳೇದು ಯಾವ್ದು, ಕೆಟ್ಟದ್ದು ಯಾವ್ದು? ತಿಳಿದೋರು ನೀವು" ಎಂದ.

ವಾರಗಳಿಂದ ನನ್ನ ಸಲಹೆಯನ್ನು ಯಾರೂ ಕೇಳಿರಲಿಲ್ಲ. ತಿಳಿದೋರು ಎಂದು ಕರೆದಿರಲಿಲ್ಲ. ನಾನು ಎದ್ದು ಬಂದದ್ದು ನನಗೆ ನೆನಪಿಲ್ಲ, ನೆನಪಿಗೆ ಬರುವ ಹೊತ್ತಿಗೆ ಅಂಗಳದಲ್ಲಿ ನಿಂತು, ಸೆಲೆರಾನಿನಿಂದ ಹಿಡಿದು ಆಟಮ್‌ವರೆಗೆ ಎಲ್ಲವನ್ನೂ ವಿವರಿಸಿ, ಬಂಗಾರ ಒಂದು ಹುಲ್ಲುಕಡ್ಡಿಯಷ್ಟೂ ಇಲ್ಲವೆಂದು ತಿಳಿಹೇಳಿ, ಕೊನೆಗೆ ಕೋಣೆಯ ಕಡೆ ಕೈ ತೋರಿಸಿ, "ಎಲ್ಲಾ ವಿಚಾರ ಮಾಡಿ ನೋಡಿದ್ರೆ ಪ್ರಪಂಚದಲ್ಲಿ ಅತಿ ಕೆಟ್ಟದ್ದು ಇವೇ ಗೋವಿಂದ. ಪುಕ್ಕಟೆ ಕೊಟ್ರೂ ಯೋಚನೆ ಮಾಡು" ಎನ್ನುತ್ತಿದ್ದೆ.

ಗೋವಿಂದ ನೆಮ್ಮದಿಯ ಉಸಿರು ಬಿಟ್ಟು ಮೊದಲು ಹೇಳಿದ್ದಕ್ಕಿಂತ ಕಡಿಮೆ ರೇಟಿಗೆ ಇಳಿದ. ಸರೋಜ ನನ್ನ ಕಡೆ ತಿರುಗಿಯೂ ನೋಡದೆ "ಸರಿ" ಎಂದಳು. ಸಂಜೆಗೆ ಕೋಣೆ ಖಾಲಿಯಾಯಿತು. ತೊಳೆದು, ಸುಣ್ಣ ಹೊಡೆಸಿ, ಮಂಚ ಹಾಕಿದ್ದಾಯಿತು. ಮಗಳು ಬಂದಳು, ಮೊಮ್ಮಗಳು ಹುಟ್ಟಿದಳು, ಬೀಗಿತಿ ಬಂದು ಕೋಣೆಯ ನಾಲ್ಕು ಮೂಲೆಯನ್ನೂ ಪರೀಕ್ಷಿಸಿ, ತಪ್ಪು ಸಿಗದೆ, ಸೊಳ್ಳೆ ಇರಬಹುದು ಎಂದಷ್ಟೇ ಹೇಳಿ ಹೋದರು.

ಹೋದ ವಾರ ಅಳಿಯಂದಿರು ಮಗುವನ್ನು ನೋಡಲು ಬಂದಿದ್ದರು. ಊಟವಾದ ಮೇಲೆ ಎಲೆಅಡಿಕೆ ಮೆಲ್ಲುತ್ತ, "ಮಾವ, ಹೊಸ ಲ್ಯಾಪ್‌ಟಾಪ್ ತಗೋಬೇಕು ಅಂತಿದ್ದೀನಿ. ಯಾವ ಪ್ರೊಸೆಸರ್ ತಗೊಂಡ್ರೆ ಒಳ್ಳೇದು?" ಎಂದು ಕೇಳಿದರು. ಉತ್ತರ ಗಂಟಲಿಗೆ ಬಂದು ನಿಂತಿತು. ಸರೋಜ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಬಹಳ ಕಷ್ಟಪಟ್ಟು, ಜೀವನದಲ್ಲಿ ಮೊದಲ ಬಾರಿಗೆ, "ನನಗೆ ಅದೆಲ್ಲ ಅಷ್ಟಾಗಿ ತಿಳಿಯೋಲ್ಲ ಅಳಿಯಂದ್ರೇ" ಎಂದೆ. "ಮಾವ, ಹಾಗೆಲ್ಲ ಹೇಳಬೇಡಿ" ಎನ್ನುತ್ತಾರೆ, ಎರಡು ಸಲವಾದರೂ ಒತ್ತಾಯಿಸುತ್ತಾರೆ ಎಂದುಕೊಂಡಿದ್ದೆ. ಅವರು "ಸರಿ ಮಾವ" ಎಂದು ಎಲೆಅಡಿಕೆ ಉಗುಳಲು ಎದ್ದು ಹೋದರು. ಸ್ವಲ್ಪವೂ ಚೌಕಾಸಿ ಮಾಡಲಿಲ್ಲ.